ಮುದ್ದೆ ನಿಲ್ಲೋ ಜಾಗ

ತುಮಕೂರಿನ ಉಪ್ಪಾರಹಳ್ಳಿಯ ಇಂಪನಾ ವಿಮಾನ ನಿಲ್ದಾಣ ಕಟ್ಟೋಕೆ ಹೊರಟಿದ್ದಳು, ಅದೂ ನೀರಿನ ವಿಜ್ಞಾನ ನೆಚ್ಚಿಕೊಂಡು. ಅಡ್ಡ ಮೂಲೆ ಸಿಕ್ಕದಿದ್ದರೆ ನೀರು ಸುಳಿಯೇಳದೆ ಪದರಪದರವಾಗಿ ಜಾರಿಕೊಂಡು ಹೋಗುತ್ತದಲ್ಲ, ಜನವೂ ಹಾಗೇ ಹರಿಯಲಿ ಅಂತ ಅವಳ ಹಂಬಲ. ಅದಕ್ಕೇ ಅವಳ ಥರ್ಮೋಕೋಲ್ ಮಾದರಿಯಲ್ಲಿ ಹುಡುಕಿದರೂ ಒಂದು ಮೂಲೆ ಇಲ್ಲ, ಗೋಡೆಯೆಲ್ಲ ಬಾಗು ಬಳುಕು.

ಆವತ್ತು ಅದನ್ನು, ಅವಳು ಕಟ್ಟಡಗಳ ನಕ್ಷೆ ಬರೆಯೋ ಆಫೀಸಿನ ಯಜಮಾನರಾದ ನಾಗಭೂಷಣ್ ಮುಂದಿಡಬೇಕು. ಒಪ್ಪಿದರೆ ದೆಹಲಿಯ ಸ್ಪರ್ಧೆಗೆ ಇವಳದ್ದು, ಇಲ್ಲದಿದ್ದರೆ ಹಳೇ ಡಬ್ಬದಂಥ ನಕ್ಷೆಯೇ ಗತಿ. ಅದಕ್ಕಾಗಿ ವರ್ಷವಿಡೀ ನಿದ್ದೆಗೆಟ್ಟಿದ್ದಳು. ಸಾಲದ್ದಕ್ಕೆ, 'ಮಗು ದೊಡ್ಡ ಕೆಲಸಕ್ಕೆ ಹೊರಟೈತೆ' ಅಂತ ನಿಟ್ಟೂರಿನಿಂದ ಅಜ್ಜಿ ದೊಡ್ಡಗಂಗಮ್ಮ, ಚಿಕ್ಕಪ್ಪ ಗಂಗಾಧರ, ಅವರ ಹಿಂದೆ ಅರ್ಧ ಬೀದಿಯೇ ಟೆಂಪೋ ಹತ್ತಿ ಬಂದುಬಿಟ್ಟಿತ್ತು. ಬೇಡ ಅಂದರೆ ಕೇಳೋ ಪೈಕಿಯೇ ಅವರು! ಊಟದ ಕ್ಯಾರಿಯರ್ ಸಮೇತ ಆಫೀಸಿನೊಳಗೇ ನುಗ್ಗಿದರು.

ಇಂಪನಾ ಮಾದರಿಯನ್ನು ಕೊಂಚ ವಾರೆ ಮಾಡಿ ಒಂದು ಹಿಡಿ ರಾಗಿ ಸುರಿದಳು. ಒಂದೊಂದು ಕಾಳೂ ಒಬ್ಬೊಬ್ಬ ಪ್ರಯಾಣಿಕ. ರಾಗಿ ಸರ್ರಂತ ಜಾರಿ, ಬಾಗಿಲು ದಾಟಿ, ವಿಮಾನದ ಕಡೆ ಹೊರಟೇಹೋಯಿತು.

"ಭಲೇ!" ಅಂದರು ನಾಗಭೂಷಣ್.

"ಇದ್ರಲ್ಲಿ ನಾವೆಲ್ಲಿ ಅವ್ವಾ?" ಅಂದಳು ಅಜ್ಜಿ.

"ಈ ಕಾಳೇ ಜನ ಅಜ್ಜಿ."

"ಬುಡು ಬುಡು. ಗಂಗಾಧರನ್ನ ಮಸ್ಕತ್‌ಗೆ ಕಳ್ಸೋಕೆ ನಾವೇನು ಹಿಂಗೆ ಒಬ್ಬೊಬ್ರೇ ಹೋಗಿದ್ವಾ? ಏರ್ಪೋರ್ಟ್ ಬಾಗ್ಲಲ್ಲಿ ತಬ್ಕೊಂಡು ಅತ್ತಿದ್ದು, ಪೊಲೀಸ್ನೋನು ಬೈದಿದ್ದು ಮರ್ತೋಯ್ತಾ?"

ಇಂಪನಾಗೆ ಅಜ್ಜಿಯ ಮೇಲೆ ಕೆಂಡದಂಥ ಸಿಟ್ಟು ಬಂತು. ಆದರೆ ಆವತ್ತು ಚಿಕ್ಕಪ್ಪನ ಅಂಗಿ ಬಿಡದೆ ಹಿಡಿದು, ಬಾಗಿಲಿಗೆ ಅಡ್ಡ ನಿಂತು ರಚ್ಚೆ ಹಿಡಿದ ಕೂಸು ತಾನೇ ಅಲ್ಲವೇ! ತೆಪ್ಪಗೆ ಕ್ಯಾರಿಯರ್ ಬಿಚ್ಚಿದಳು. ಮುದ್ದೆಯಿಂದ ನಿಂಬೆಹಣ್ಣಿನಷ್ಟು ಮುರಿದು, ತಬ್ಬಿ ನಿಂತ ಮನೆಮಂದಿ ಇದೇ ಅಂತ ಮಾದರಿಯೊಳಗೆ ಬಿಟ್ಟಳು. ಅದು ಬಾಗಿಲಲ್ಲಿ ಸಿಕ್ಕಿಕೊಂಡಿತು, ಅದರ ಹಿಂದೆ ಮತ್ತೆ ಸುರಿದ ರಾಗಿಯೆಲ್ಲ ಗುಡ್ಡೆ ಬಿತ್ತು.

ನಾಗಭೂಷಣ್ ಮುಖ ಸಪ್ಪಗಾಯಿತು. "ಹಳೇದನ್ನೇ ಕಳಿಸೋಣ ಬಿಡಿ" ಅಂದರು.

"ಒಂದ್ನಿಮಿಷ ಸಾರ್!" ಬ್ಲೇಡು ತಗೊಂಡು ಬಾಗಿಲ ಪಕ್ಕದ ಗೋಡೆಯನ್ನು ಕರಕರ ಕೊಯ್ದಳು. ಕಾಲುವೆ ಕೆರೆಗೆ ಬಿದ್ದ ಹಾಗೆ ಅಲ್ಲೊಂದು ಅಗಲವಾದ ಅಂಗಳ ತೆರೆದುಕೊಂಡಿತು. "ಅಗಲ ಸಿಕ್ಕಿದ ಕಡೆ ನೀರೂ ನಿಧಾನ ಆಗುತ್ತೆ ಸಾರ್. ಕಳಿಸೋಕೆ ಬಂದೋರು ಇಲ್ಲಿ ನಿಲ್ಲಲಿ." ಮುದ್ದೆಯನ್ನು ಅಂಗಳಕ್ಕೆ ಸರಿಸಿ, ಅದರಿಂದ ಒಂದೇ ಒಂದು ಚೂರು ಕಿತ್ತು ಬಾಗಿಲು ದಾಟಿಸಿದಳು. "ಹೋಗೋರು ಹೋಗ್ತಾರೆ." ನಿಂತಿದ್ದ ರಾಗಿಯೂ ಸರ್ರಂತ ಹರಿಯಿತು.

ಚೂರು ಬಿಟ್ಟರೂ ಹಿಟ್ಟು ಅವಳ ಬೆರಳಿಗೆ ಅಂಟಿತ್ತು. ಅಜ್ಜಿ ಅದನ್ನೇ ನೋಡುತ್ತಾ, "ಬುಡಿಸ್ಕೊಳ್ಳೋವಾಗ ವಸಿ ಅಂಟ್ತದೆ ಕಣವ್ವಾ" ಅಂದಳು. ಗಂಗಾಧರ ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡ.

ನಾಗಭೂಷಣ್ ಹಳೇ ನಕ್ಷೆಯನ್ನು ಪಕ್ಕಕ್ಕೆ ಸರಿಸಿದರು. "ಇದೇ ಹೋಗ್ಲಿ. ದೆಹಲಿಗೆ ನೀವೇ ಹೋಗಿ ತೋರಿಸಿ ಇಂಪನಾ. ಮುಂದಿನ ವಾರ, ವಿಮಾನದಲ್ಲಿ."

ಇಂಪನಾ ಅಜ್ಜಿಯನ್ನು ತಬ್ಬಿಕೊಂಡು ಕುಣಿದೇಬಿಟ್ಟಳು. ಅಜ್ಜಿ ಅವಳ ಭುಜದ ಮೇಲಿಂದಲೇ ಕೂಗಿದಳು: "ಲೇ ಗಂಗಾಧರಾ, ಟೆಂಪೋನೋನ್ಗೆ ಹೇಳ್ಲಾ. ಈ ಸತಿ ಎರಡು ಬೇಕಾಯ್ತದೆ."