ತೆರೆಯದ ಕನ್ನಡಿ ಪೆಟ್ಟಿಗೆ

ಚನ್ನಗಿರಿಯ ಆ ಮನೆಯಲ್ಲಿ ಅನ್ನಪೂರ್ಣಳ ಕನ್ನಡಿ ಪೆಟ್ಟಿಗೆಯೇ ಅವಳ ಅಂಚೆ ಡಬ್ಬಿ. ಮುಚ್ಚಳದ ಒಳಮೈಗೆ ಕನ್ನಡಿ ಕೂಡಿಸಿದ ತೇಗದ ಪೆಟ್ಟಿಗೆ ಅದು, ಮದುವೆಯಲ್ಲಿ ತವರಿನಿಂದ ಬಂದದ್ದು. ಒಳಗೆ ಸ್ನೋ, ಪೌಡರ್ ಡಬ್ಬಿ, ಕಾಡಿಗೆ, ಕುಂಕುಮ ನಿಲ್ಲಲು ಮೇಣ, ಜಡೆಗೆ ಸೇರಿಸುವ ಚೌರಿ, ಉಗುರಿನ ಬಣ್ಣ, ಒಂದು ಮೂಲೆಯಲ್ಲಿ ಬಸ್ ಪಾಸು. ಅವಳ ಹೆಸರಿಗೆ ಬಂದ ಕಾಗದ ಯಾರ ಕೈಗೆ ಸಿಕ್ಕರೂ ಆ ಪೆಟ್ಟಿಗೆಯೊಳಗೆ ಹಾಕಿ ಸುಮ್ಮನಾಗುತ್ತಿದ್ದರು. ಬೆಳಗಾದರೆ ಅನ್ನಪೂರ್ಣ ಅದನ್ನು ತೆರೆಯದೆ ಇರುವವಳಲ್ಲ, ಬಾಯಿ ಬಿಟ್ಟು ಹೇಳುವ ಶ್ರಮವೂ ಇಲ್ಲ.

ಅವಳು ಬಸವಾಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಆರು ವರ್ಷದಿಂದ ಟೀಚರು. ಎಂಟೂಕಾಲಿನ ಬಸ್ಸಿಗೆ ಹೊರಡಬೇಕಾದರೆ ಏಳೂವರೆಗೆ ಪೆಟ್ಟಿಗೆಯ ಮುಂದೆ ಕೂರಬೇಕು. ಅತ್ತೆ ಕಲ್ಲಮ್ಮ ಜಗಲಿಯಿಂದಲೇ ಕೆಣಕುತ್ತಿದ್ದರು.

"ಪಾಠ ಕೇಳೋ ಹುಡುಗೇರು ಪುಸ್ತಕ ನೋಡ್ತಾವೋ ನಿನ್ನ ಮುಖ ನೋಡ್ತಾವೋ? ಯಾರಿಗೆ ತೋರ್ಸಾಕೆ ಇಷ್ಟೆಲ್ಲಾ?"

"ಯಾರಿಗೂ ಅಲ್ಲ ಅತ್ತೆ, ನನಗೇ."

ಅದು ನಿಜವೇ ಆಗಿತ್ತು. ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಯಾರೂ ಅವಳನ್ನು ಕರೆಯದೆ ಬಿಡುತ್ತಿದ್ದುದು ಆ ಮುಕ್ಕಾಲು ಗಂಟೆ ಮಾತ್ರ.

ಎಂಬತ್ತಮೂರರ ಸಂಕ್ರಾಂತಿ ಆದ ನಾಲ್ಕನೆಯ ದಿನ ಕಲ್ಲಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮನೆಯಲ್ಲಿ ಉಳಿಯುವವರು ಯಾರು ಎಂಬ ಮಾತೇ ಏಳಲಿಲ್ಲ. ಗಂಡ ಪಂಚಾಕ್ಷರಪ್ಪನಿಗೆ ಅಡಿಕೆ ಮಂಡಿಯಲ್ಲಿ ಮಾಲು ನೋಡುವ ಕೆಲಸ. ಒಂದು ಹಿಡಿ ಅಡಿಕೆಯನ್ನು ಅಂಗೈಗೆ ಹಾಕಿಕೊಂಡರೆ ಸಾಕು, ಬಣ್ಣ ಬರಲೆಂದು ಚೊಗರು ಕೊಟ್ಟದ್ದು ಒಂದು ಸಲವೋ ಎರಡು ಸಲವೋ ಹೇಳಿಬಿಡುತ್ತಿದ್ದ. ಹೊನ್ನಾಳಿ, ನ್ಯಾಮತಿ ಕಡೆಯವರೂ ಅವನ ಕಣ್ಣನ್ನು ನಂಬಿ ಮೂಟೆ ಇಳಿಸುತ್ತಿದ್ದರು. ಅಂಥ ಕಣ್ಣನ್ನು ಮನೆಯಲ್ಲಿ ಕೂರಿಸುವುದುಂಟೇ? ಅನ್ನಪೂರ್ಣಳೇ ಹೋಗಿ ಹೆಡ್ಮಾಸ್ತರ್ ಮಹೇಶ್ವರಪ್ಪನವರ ಕೈಕಾಲು ಹಿಡಿದು, ದಸರೆಯವರೆಗೆ ಸಂಬಳವಿಲ್ಲದ ರಜೆ ಬರೆಸಿಕೊಂಡು ಬಂದಳು. ಅಲ್ಲಿಯವರೆಗೆ ಇನ್ನೊಬ್ಬಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವುದಾಗಿ ಅವರು ಹೇಳಿದರು.

ಪೆಟ್ಟಿಗೆಯ ಸಾಮಾನುಗಳು ಒಂದೊಂದಾಗಿ ಬಿಟ್ಟುಹೋದವು. ಮೊದಲು ಹೋದದ್ದು ಉಗುರಿನ ಬಣ್ಣ. ಎರಡು ಹೊತ್ತೂ ಅತ್ತೆಯ ಸೊಂಟಕ್ಕೆ ಎಣ್ಣೆ ತಿಕ್ಕುವ ಕೈಗೆ ಅದು ನಿಲ್ಲಲಿಲ್ಲ. ಸ್ನೋ ಹಚ್ಚಿ ಆರುವುದರೊಳಗೆ ಗಂಜಿ ಉಕ್ಕುತ್ತಿತ್ತು. ಒಲೆಯ ಹೊಗೆಗೆ ಕಣ್ಣಲ್ಲಿ ನೀರು ಬಂದು ಕಾಡಿಗೆ ಕೆನ್ನೆಗಿಳಿಯುತ್ತಿತ್ತು. ಚೌರಿ ಹಾಕಿ ಹೆಣೆಯಲು ಎರಡು ಕೈ ಬೇಕು, ಅವಳ ಎರಡು ಕೈಗಳು ಅವಳವಾಗಿ ಉಳಿದಿರಲಿಲ್ಲ. ಪೌಡರ್ ಒಂದೇ ಯುಗಾದಿಯವರೆಗೆ ಬಾಳಿದ್ದು. ಹಬ್ಬದ ದಿನ ಅರ್ಧ ಮುಖಕ್ಕೆ ಹಚ್ಚಿದ್ದಳು, ಅಷ್ಟರಲ್ಲಿ ಅತ್ತೆ ಕರೆದರು. ಎದ್ದು ಹೋದವಳು ಮತ್ತೆ ಕನ್ನಡಿ ನೋಡಿದ್ದು ಮಧ್ಯಾಹ್ನ ಮೂರಕ್ಕೆ. ಒಂದು ಕೆನ್ನೆ ಬೆಳ್ಳಗೆ, ಇನ್ನೊಂದು ಬೆವರು. ಬೇವು ಬೆಲ್ಲ ಕೊಟ್ಟದ್ದು, ಬಂದವರನ್ನು ಮಾತಾಡಿಸಿದ್ದು ಎಲ್ಲ ಆ ಮುಖದಲ್ಲೇ! ಮೊದಲು ನಗು ಬಂತು, ಹಿಂದೆಯೇ ಅಳು. ಮುಚ್ಚಳ ಹಾಕಿ ಪೆಟ್ಟಿಗೆಯನ್ನು ಕಪಾಟಿನ ಮೇಲಿಟ್ಟಳು.

ಆಮೇಲೆ ಉಳಿದದ್ದು ಸ್ನಾನ, ದೇವರ ಜಗಲಿಯ ವಿಭೂತಿ, ಬೆರಳ ತುದಿಯ ಕುಂಕುಮ, ಒಂದು ತುರುಬು. ಕನ್ನಡಿಯೇ ಬೇಡ. ಹಗುರವೆನಿಸಿದ್ದು ಸುಳ್ಳಲ್ಲ. ಆದರೆ ತಾನೇ ಬಿಡುವುದು ಬೇರೆ, ಬಿಡುವಿಲ್ಲದೆ ಬಿಟ್ಟುಹೋಗುವುದು ಬೇರೆ. ಎಂಟೂಕಾಲಿನ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದಾಗಲೆಲ್ಲ ದಸರೆಗೆ ಇನ್ನೆಷ್ಟು ದಿನ ಎಂದು ಬೆರಳು ಮಡಚುತ್ತಿದ್ದಳು.

ಊರಿಗೆಲ್ಲ ಅವಳ ಮುಖದ್ದೇ ಚಿಂತೆ. ಮೊಸರು ಮಾರುವ ಗಾದ್ರಮ್ಮ ಹೊಸಿಲ ಹೊರಗೆ ಬುಟ್ಟಿ ಇಳಿಸಿ, "ಯಾಕ್ರವ್ವಾ ಟೀಚರಮ್ಮ, ಮುಖ ಬಾಡಿ ಹೋಗೈತಲ್ಲ, ಹುಷಾರೈತೋ ಇಲ್ಲೋ?" ಎಂದಳು. ಎದುರು ಮನೆಯ ಶಂಕ್ರಮ್ಮ, "ಗಂಡ ಹೆಂಡ್ತಿ ಚೆನ್ನಾಗಿದೀರಿ ತಾನೇ?" ಎಂದು ದನಿ ತಗ್ಗಿಸಿ ಕೇಳಿದಳು. ಏನೂ ಅನ್ನದವನು ಪಂಚಾಕ್ಷರಪ್ಪ ಒಬ್ಬನೇ. ಅನ್ನಪೂರ್ಣಳಿಗೆ ಅದೇ ಒಂದು ಸಮಾಧಾನ.

"ನಮ್ಮನೇರಿಗೆ ನಾನು ಹೆಂಗಿದ್ರೂ ಒಂದೇ ಬಿಡ್ರೀ," ಎಂದು ಶಂಕ್ರಮ್ಮನ ಮುಂದೆ ಜಂಬವನ್ನೂ ಕೊಚ್ಚಿಕೊಂಡಿದ್ದಳು.

ಶ್ರಾವಣದ ಎರಡನೆಯ ಸೋಮವಾರ ಕಲ್ಲಮ್ಮ ಕೋಲೂರಿಕೊಂಡು, ಯಾರ ಕೈಯನ್ನೂ ಹಿಡಿಯದೆ, ಹಿತ್ತಲ ಬಾಗಿಲವರೆಗೆ ನಡೆದು ಹೋಗಿ ಬಂದರು. ಅನ್ನಪೂರ್ಣಳಿಗೆ ಹಿಗ್ಗಾಯಿತು. ದಸರೆಯವರೆಗೆ ಯಾಕೆ ಕಾಯಬೇಕು? ಇವತ್ತೇ ಹೋಗಿ ಮಹೇಶ್ವರಪ್ಪನವರಿಗೆ ಹೇಳಿದರೆ ಮುಂದಿನ ಸೋಮವಾರದಿಂದಲೇ ಹೋಗಬಹುದು. ಅವಳು ಕಪಾಟಿನ ಮೇಲಿಂದ ಪೆಟ್ಟಿಗೆ ಇಳಿಸಿ, ಸೆರಗಿನಿಂದ ಧೂಳು ಒರೆಸಿ ಮುಚ್ಚಳ ತೆಗೆದಳು.

ಪೌಡರ್ ಡಬ್ಬಿಯ ಮೇಲೆ ಒಂದು ಲಕೋಟೆ. ಒಡೆದ ಲಕೋಟೆ. ಶಾಲೆಯ ಮೊಹರು. ಜೂನ್ ಆರನೇ ತಾರೀಖಿನ ಕಾಗದ: ತಾತ್ಕಾಲಿಕ ಶಿಕ್ಷಕಿ ಬಿಟ್ಟುಹೋಗಿರುವ ಕಾರಣ ತಾವು ಜುಲೈ ಒಂದರೊಳಗೆ ಹಾಜರಾಗಬೇಕು, ಆಗದಿದ್ದರೆ ಉತ್ತರ ಬರೆಯಬೇಕು, ಉತ್ತರ ಬಾರದಿದ್ದಲ್ಲಿ ತಮಗೆ ಇಷ್ಟವಿಲ್ಲವೆಂದು ತಿಳಿದು ಬೇರೆಯವರನ್ನು ಖಾಯಂ ಮಾಡಲಾಗುವುದು.

ಆಗಸ್ಟ್ ಅರ್ಧ ಕಳೆದಿತ್ತು. ಎರಡು ಸಲ ಓದಿದಳು, ಮೂರನೆಯ ಸಲಕ್ಕೆ ಅಕ್ಷರ ಕಾಣಲಿಲ್ಲ. ಕೆಲಸ ಹೋಗಿತ್ತು, ಅಥವಾ ಹೋದ ಹಾಗೆಯೇ. ಮೊದಲು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ದಿನಕ್ಕೊಂದು ಸಲ ಈ ಹಾಳು ಮುಚ್ಚಳ ಎತ್ತಿದ್ದರೆ ಏನು ಗಂಟು ಹೋಗುತ್ತಿತ್ತು! ಆಮೇಲೆ ಲಕೋಟೆ ಒಡೆದವರ ನೆನಪಾಯಿತು. ಏನಾದರಾಗಲಿ, ಹೋಗುವುದಂತೂ ಹೋಗಲೇಬೇಕು. ಹಲ್ಲು ಕಚ್ಚಿ ಸ್ನೋ ಹಚ್ಚಿದಳು, ಪೌಡರ್ ಬಳಿದಳು, ಕಾಡಿಗೆ ತೀಡಿದಳು. ಚೌರಿ ಸೇರಿಸಿ ಜಡೆ ಹೆಣೆದಳು. ಒಂದನ್ನೂ ಬಿಡಲಿಲ್ಲ.

ಪಂಚಾಕ್ಷರಪ್ಪ ಅಡುಗೆಮನೆಯಲ್ಲಿ ರೊಟ್ಟಿಗೆ ಕೂತಿದ್ದ. ಗೋಡೆಗೊರಗಿ ಕಲ್ಲಮ್ಮ ಕೂತಿದ್ದರು. ಅನ್ನಪೂರ್ಣ ಕಾಗದವನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟಳು.

"ಇದು ಯಾವಾಗ ಬಂತು ರೀ?"

"ಇದಾ? ಬಾಳ ದಿನಾತಲ್ಲ. ಮಂಡಿ ವಿಳಾಸಕ್ಕೆ ಬಂದಿತ್ತು. ಓದಿ ನಿನ್ನ ಪೆಟ್ಟಿಗೆಯಾಗೆ ಹಾಕಿದ್ನಲ್ಲ."

"ಬಾಯಿ ಬಿಟ್ಟು ಒಂದು ಮಾತು ಹೇಳಾಕೆ ಏನಾಗಿತ್ತು?"

"ಯಾವತ್ತು ಹೇಳೀನಿ ಹೇಳು? ದಿನಾ ತೆಗೆಯೋ ಪೆಟ್ಟಿಗೆ, ಕಂಡೇ ಕಂಡಿರುತ್ತೆ ಅಂದ್ಕಂಡೆ. ನೀನು ಏನೂ ಅನ್ಲಿಲ್ಲ. ಮನೆಯಾಗೇ ಇರ್ತಾಳೆ, ಬಿಡು ಅಂತ ನಾನೂ ಸುಮ್ಮನಾದೆ." ರೊಟ್ಟಿ ಮುರಿಯುತ್ತ ಸೇರಿಸಿದ, "ನಂಗೂ ಅದೇ ಒಳ್ಳೇದು ಅನ್ನಿಸ್ತು."

"ಯುಗಾದಿಯಿಂದ ನಾನು ಅದರ ಮುಚ್ಚಳ ತೆಗೆದಿಲ್ಲ ರೀ! ಒಂದು ಸ್ನೋ ಇಲ್ಲ, ಪೌಡರ್ ಇಲ್ಲ, ಕಾಡಿಗೆ ಇಲ್ಲ. ನಾಲ್ಕು ತಿಂಗಳು!"

ಪಂಚಾಕ್ಷರಪ್ಪ ತುತ್ತನ್ನು ತಟ್ಟೆಯಲ್ಲಿಟ್ಟು ತಲೆಯೆತ್ತಿದ. ಮಂಡಿಯಲ್ಲಿ ಮಾಲು ನೋಡುವ ಹಾಗೆ, ಕಣ್ಣು ಕಿರಿದು ಮಾಡಿ, ಹೆಂಡತಿಯ ಮುಖವನ್ನು ಹಣೆಯಿಂದ ಗದ್ದದವರೆಗೆ ನೋಡಿದ. ಅವನ ಮುಖದಲ್ಲಿ ಕಪಟವೇನೂ ಇರಲಿಲ್ಲ.

"ಯಾಕೆ ಸುಳ್ಳು ಹೇಳ್ತೀಯೇ?" ಎಂದ. "ಈಗ ಹೆಂಗಿದೀಯೋ ದಿನಾ ಹಂಗೇ ಇದ್ಯಲ್ಲ."

ದಿನಕ್ಕೆ ಎರಡು ಹೊತ್ತು ಎದುರಿಗೆ ಕೂತು ಉಂಡ ಮನುಷ್ಯ! ಶಂಕ್ರಮ್ಮನ ಮುಂದೆ ತಾನು ಕೊಚ್ಚಿಕೊಂಡ ಜಂಬ ನೆನಪಾಗಿ, ಪೌಡರಿನ ಕೆಳಗೆ ಅನ್ನಪೂರ್ಣಳ ಮುಖ ಸುಟ್ಟ ಹಾಗಾಯಿತು.

ಮಾತಾಡಿದ್ದು ಕಲ್ಲಮ್ಮ.

"ಪಂಚಾಕ್ಷರಿ, ನನ್ನ ಎರಡೂ ಕಣ್ಣಿಗೆ ಪೊರೆ ಬಂದೈತೆ ಕಣಪ್ಪ. ಅಂಥಾ ನಂಗೇ ಕಂಡಿತ್ತು ಇವಳ ಬರೀ ಮುಖ."

ಅನ್ನಪೂರ್ಣ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಹನ್ನೊಂದಕ್ಕೆ ಅತ್ತೆಗೆ ಗಂಜಿ ಕೊಡ್ರಿ. ಸೊಂಟಕ್ಕೆ ಎಣ್ಣೆ ಹಚ್ರಿ, ಬಟ್ಟಲು ಒಲೆ ಪಕ್ಕದಾಗೈತೆ."

"ಇವತ್ತು ಮಂಡಿಯಾಗೆ ಟೆಂಡರ್ ಐತಲ್ಲೇ! ನಾನು ಹೆಂಗೆ..."

"ನಾನು ಏಳು ತಿಂಗಳು ಹೆಂಗೆ ಇದ್ನೋ ಹಂಗೆ," ಎಂದು ಚಪ್ಪಲಿ ಮೆಟ್ಟಿದಳು.

ಎಂಟೂಕಾಲಿನ ಬಸ್ಸು ಹೊರಡುತ್ತಿತ್ತು, ಕೈ ತೋರಿಸಿ ನಿಲ್ಲಿಸಿ ಹತ್ತಿದಳು. ಪಾಸಿನ ಅವಧಿ ಜನವರಿಗೇ ಮುಗಿದದ್ದು ಕಂಡಕ್ಟರು ನೋಡಿ ವಾಪಸು ಕೊಟ್ಟಾಗಲೇ ಗೊತ್ತಾದದ್ದು. ಟಿಕೆಟ್ ಹರಿಯುತ್ತ ಅವನು ಅವಳ ಮುಖ ನೋಡಿದ.

"ಬಾಳ ದಿನ ಆತಲ್ರೀ ಟೀಚರಮ್ಮ. ಮತ್ತೆ ಕೆಲಸಕ್ಕೆ ಹೊಂಟ್ರೇನು?"

"ಇಲ್ಲಪ್ಪ," ಎಂದಳು ಅನ್ನಪೂರ್ಣ. "ಕೆಲಸ ಐತೋ ಇಲ್ಲೋ ಅಂತ ಕೇಳಾಕೆ ಹೊಂಟೀನಿ."