ನೀರು ಚಿಮುಕಿಸಿದ ಕೈ

ಸಂಜೀವಪ್ಪ ಅವರೆಕಾಯಿ ಮೂಟೆ ಹೊತ್ತುಕೊಂಡೇ ಸಾವಿನ ಮನೆಗೆ ಬಂದ. ಪುಷ್ಯದ ಮಂಜು ಕರಗಿ ಹೊತ್ತಾಗಿತ್ತು. ಕೆ.ಆರ್. ಪುರದಾಚೆಯ ಆ ಹಳೇ ಊರಿನ ಮೇಲೆ, ಸುತ್ತ ಎದ್ದ ಅಪಾರ್ಟ್‌ಮೆಂಟುಗಳ ಸಂದಿಯಿಂದ ಬಿಸಿಲು ಇಳಿಯುತ್ತಿತ್ತು. ಅಂಗಳದಲ್ಲಿ ಗಂಡಸರು ಬಿದಿರು ಸೀಳಿ ಚಟ್ಟ ಕಟ್ಟುತ್ತಿದ್ದರು. ಜಗುಲಿಯ ಬೆಂಚಿನ ಮೇಲೆ, ಹೂವಿನಡಿ, ಮುನಿಆಂಜನಪ್ಪ ಕೆಲಸದ ನಡುವೆ ಒಂದು ಗಳಿಗೆ ಅಡ್ಡಾದವನಂತೆ ಮಲಗಿದ್ದ.

"ಲೇ, ಹೆಣದ ಮುಂದಕ್ಕೆ ಮೂಟೆ ತರ್ತಾರೇನೋ?" ಚಟ್ಟ ಕಟ್ಟುತ್ತಿದ್ದವನೊಬ್ಬ ಗದರಿದ.

"ಏನ್ ಮಾಡ್ಲಿ ಗುರು? ಶೆಡ್ಡಲ್ಲಿ ಮಿಷಿನ್ನು ಕೆಂಪು ದೀಪ ಹಾಕ್ಬಿಡ್ತು. ಮತ್ತೆ ಹೊಸಕೋಟೆಗೆ ಹೊತ್ಕೊಂಡು ಹೋಗ್ಲಾ? ನಂದೊಂದೇ ಅಲ್ಲ, ಬಿಸಿಲಾದ್ಮೇಲೆ ಬಂದ ಒಂಬತ್ತು ಮೂಟೆಗೂ ಕೆಂಪೇ." ಸಂಜೀವಪ್ಪ ಮೂಟೆ ಇಳಿಸಿ ತಲೆಯ ಟವಲು ತೆಗೆದ. "ತಾತ ಹೋದ ದಿನ ಮಿಷಿನ್ನಿಗೂ ಸೂತಕ ಬಂದಂಗದೆ."

ಗೋಡೆಗೆ ಒರಗಿ ನಿಂತಿದ್ದ ಕಾವೇರಿ ತಲೆಯೆತ್ತಿದಳು. ಮನೆಯ ಹಿಂದಿನ ತರಕಾರಿ ಶೆಡ್ಡಿನಲ್ಲಿ, ಕ್ಯಾಮೆರಾದಿಂದ ನೋಡಿ ಕಾಯಿ ಆರಿಸುವ ಆ ಯಂತ್ರ ಕೂರಿಸಿದವಳು ಅವಳೇ. ಎಐ ಕಂಪನಿಯ ಇಂಜಿನಿಯರು. ಕಂಪನಿ ಕಳಿಸಿದ ಕಡೆ ಹೋಗಿ, ಅಲ್ಲಿಯವರ ಪಕ್ಕ ತಿಂಗಳುಗಟ್ಟಲೆ ಕೂತು, ಅವರ ಕೆಲಸ ಕಲಿತು, ಅದನ್ನು ಯಂತ್ರಕ್ಕೆ ಕಲಿಸಿ ಎದ್ದುಹೋಗುವುದು ಅವಳ ಕೆಲಸ. ಈಗ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಕೂತಿದ್ದಳು. ಸುದ್ದಿ ಕೇಳಿ ಅಲ್ಲಿಂದ ಓಡಿ ಬಂದಿದ್ದಳು.

ಫೋನು ನಡುಗಿತು. ಮ್ಯಾನೇಜರ್ ಲಕ್ಷ್ಮಿಕಾಂತ.

"ಕಾವೇರಿ, ಶೆಡ್‌ನವ್ರು ಕಂಪ್ಲೇಂಟ್ ಮಾಡ್ತಿದಾರೆ. ಲೆನ್ಸ್ ಮೇಲೆ ಧೂಳಿತ್ತು ಅಂತ ಒಂದು ಮೇಲ್ ಹಾಕ್ಬಿಡು. ಸೋಮವಾರ ಕೋಲಾರ ಕಡೆ ಹನ್ನೊಂದು ಶೆಡ್‌ಗೆ ಇದೇ ಸಿಸ್ಟಮ್ ಹೋಗ್ಬೇಕು. ನಿನ್ನ ಪ್ರಮೋಷನ್ನೂ ಅದರ ಮೇಲೇ ನಿಂತಿದೆ."

"ನೋಡಿ ಹೇಳ್ತೀನ್ರಿ ಸರ್."

* * *

ಕಾರ್ತಿಕದ ಕೊನೆಯಲ್ಲಿ ಅವಳು ಮೊದಲ ದಿನ ಬಂದಾಗ ಶೆಡ್ಡು ಮಂಜಿನಲ್ಲಿ ತೇಲುತ್ತಿತ್ತು. ಟೆಂಪೋಗಳು ಕಾಣುವ ಮೊದಲೇ ಅವುಗಳ ಸದ್ದು ಬರುತ್ತಿತ್ತು. ಮೂಟೆಗಳು ಮೋಡದೊಳಗಿಂದ ಇಳಿದಂತೆ ಇಳಿಯುತ್ತಿದ್ದವು. ಶೆಡ್ಡಿಗೆ ಬಂದ ಅವರೆ ಒಳ್ಳೆಯದೋ ಅಲ್ಲವೋ ಹೇಳುವವನು ಮುನಿಆಂಜನಪ್ಪ. ಶೆಡ್ಡು ನಿಂತ ಜಾಗ ಒಂದು ಕಾಲಕ್ಕೆ ಅವನದೇ ಅವರೆ ಹೊಲ.

"ಯಾವೂರಮ್ಮ ನಿಂದು?"

"ಯಾದಗಿರಿ ಕಡೆರಿ, ಅಜ್ಜಾ. ಲಿಂಗರಾಜಪುರದಾಗ ರೂಮ್ ಮಾಡೀನಿ."

"ಹಂಗಾದ್ರೆ ತೊಗರಿ ಗೊತ್ತು, ಅವರೆ ಗೊತ್ತಿಲ್ಲ. ಬಾ, ಕಣ್ಣು ಮುಚ್ಕೊಂಡು ಕೈ ಹಾಕು."

ಅವಳು ಮೂಟೆಯೊಳಗೆ ಕೈ ಹಾಕಿದಳು. ತಣ್ಣಗೆ, ಜಿಡ್ಡುಜಿಡ್ಡಾಗಿ ಏನೋ ಬೆರಳಿಗೆ ಹತ್ತಿತು. ಮೂಗಿನ ಬಳಿ ತಂದರೆ ಇಡೀ ಬೆಳಗೇ ಬೆರಳಿಗೆ ಅಂಟಿಕೊಂಡಂತೆ ಘಮ.

"ಅದೇ ಸೊಗಡು. ಮಂಜು ಕುಡಿದ ಕಾಯಿಗೆ ಮಾತ್ರ ಬರೋದು. ಅದಿದ್ರೆ ತಗೋ, ಇಲ್ದಿದ್ರೆ ವಾಪಸ್ ಕಳಿಸು. ಅಷ್ಟೇ ನನ್ನ ವಿದ್ಯೆ."

"ಕ್ಯಾಮೆರಾಕ್ಕ ಮೂಗಿಲ್ರಿ, ಅಜ್ಜಾ."

"ಅಯ್ಯೋ ಪಾಪ! ಮತ್ತೆ ಹೆಂಗಮ್ಮ ಬದುಕ್ತದೆ ಅದು?"

ಇಬ್ಬರೂ ನಕ್ಕಿದ್ದರು. ಅವನು ಒಳ್ಳೆಯದೆಂದ ಕಾಯಿಯ ಸಾವಿರಾರು ಚಿತ್ರಗಳನ್ನು ಅವಳು ನಸುಕಿನಲ್ಲಿ, ಹೊರೆ ಇಳಿದ ಕೂಡಲೆ ತೆಗೆದಳು. ಬೇಡವೆಂದು ಎತ್ತಿಟ್ಟ ಕಾಯಿಯದನ್ನು ಮಧ್ಯಾಹ್ನ, ಗಲಾಟೆ ತಗ್ಗಿದ ಮೇಲೆ. ತಿಂಗಳು ಕಳೆಯುವಷ್ಟರಲ್ಲಿ ಯಂತ್ರ ತಪ್ಪುವುದೇ ನಿಂತುಹೋಯಿತು. ಕಂಪನಿ ಚಪ್ಪಾಳೆ ತಟ್ಟಿತು. ಮೂಟೆಗಳನ್ನು ಕ್ಯಾಮೆರಾದ ಕೆಳಗೆ ತಳ್ಳುವ ಕೆಲಸಕ್ಕೆ ಮುನಿಆಂಜನಪ್ಪನನ್ನು ಉಳಿಸಿಕೊಂಡರು.

* * *

"ಹಿತ್ತಾಳೆ ಚೊಂಬು ಎಲ್ಲಿ?" ಒಳಗಿನಿಂದ ಮುನಿಆಂಜನಪ್ಪನ ಹೆಂಡತಿ ಪಟಾಲಮ್ಮನ ದನಿ. "ಮಣ್ಣು ಮಾಡಿ ಬಂದೋರು ಕಾಲು ತೊಳೀಬೇಕಲ್ಲ. ಈ ಮನುಷ್ಯ ದಿನಾ ಅದನ್ನೇ ಶೆಡ್ಡಿಗೆ ಒಯ್ಯೋನು."

"ಇಲ್ಲೈತೆ ಕಣಕ್ಕ, ಮಿಷಿನ್ ಪಕ್ಕದಲ್ಲೇ ಇತ್ತು." ಸಂಜೀವಪ್ಪ ಮೂಟೆಯ ಬಾಯಿಂದ ಚೊಂಬು ಎತ್ತಿದ.

"ಶೆಡ್ಡಿನಾಗ ಚೊಂಬು ಯಾಕ್ರಿ?" ಕಾವೇರಿ ಕೇಳಿದಳು.

ಸಂಜೀವಪ್ಪ ಬೆಂಚಿನ ಕಡೆ ನೋಡಿದ, ಅಪ್ಪಣೆ ಕೇಳುವವನಂತೆ. "ಇನ್ನೇನು ಮುಚ್ಚಿಡೋದು ಬಿಡಮ್ಮ. ಬೆಳಗಿನ ಜಾವದ ಮೂಟೆ ಮೇಲೆ ಮಂಜಿನ ಹನಿ ಇರ್ತದೆ, ಮಿಷಿನ್ ಹಸಿರು ಹಾಕ್ತದೆ. ನಾವು ದೂರದೋರು, ಬರೋದ್ರಲ್ಲಿ ಒಣಗಿರ್ತದೆ, ಕೆಂಪು. ತಾತ ಮೂಸಿ ನೋಡೋರು. ಸೊಗಡಿದ್ರೆ ಒಂದು ಕೈ ನೀರು ಚಿಮುಕಿಸಿ ಒಳಕ್ಕೆ ತಳ್ಳೋರು. ಇಲ್ದಿದ್ರೆ, ಬೆಳಗಿನ ಮೂಟೆನೇ ಆಗ್ಲಿ, ಹನಿನೆಲ್ಲ ಟವಲಲ್ಲಿ ಒರೆಸ್ಬಿಡೋರು."

ಕಾವೇರಿ ಚೊಂಬನ್ನೇ ನೋಡುತ್ತ ನಿಂತಳು.

"ನನಗ್ಯಾಕ ಹೇಳ್ಲಿಲ್ಲ?"

"ನಾನೂ ಕೇಳ್ದೆ. 'ಹೇಳಿದ್ರೆ ಆ ಮಗೀನ ಕೆಲಸ ಹೋಗ್ತದೆ ಕಣೋ. ಮಿಷಿನ್ನು ಇನ್ನೂ ಎಳೇದು, ಕಲಿಯೋವರ್ಗೂ ನಾನಿರ್ತೀನಲ್ಲ' ಅಂದ್ರು."

ಬಾಯಿಗೆ ಅಕ್ಕಿ ಹಾಕುವ ಸರದಿ ಬಂತು. ಪಟಾಲಮ್ಮ ಅವಳ ಕೈಗೂ ನಾಲ್ಕು ಕಾಳು ಕೊಟ್ಟಳು. "ಹಾಕಮ್ಮ. 'ನಮ್ಮ ಇಂಜಿನಿಯರಮ್ಮ' ಅಂತಿದ್ದ."

ಎರಡು ಅಪಾರ್ಟ್‌ಮೆಂಟುಗಳ ನಡುವೆ ಉಳಿದ ತುಂಡು ನೆಲದಲ್ಲಿ ಗುಂಡಿ ತೋಡಿದ್ದರು. ಮಗ ಕೆಂಪರಾಜ್ ನೀರು ತುಂಬಿದ ಮಡಕೆ ಹೆಗಲ ಮೇಲಿಟ್ಟು ಸುತ್ತಿದ. ಸುತ್ತಿಗೊಮ್ಮೆ ಹಿರಿಯನೊಬ್ಬ ಕಲ್ಲಿನಿಂದ ಮಡಕೆಗೆ ತೂತು ಮಾಡಿದ. ನೀರು ಎಳೆಎಳೆಯಾಗಿ ಸುರಿಯಿತು. ಒಣ ಗರಿಕೆಯ ತುದಿಯಲ್ಲಿ ಹನಿಗಳು ನಿಂತವು. ನಡುಮಧ್ಯಾಹ್ನದಲ್ಲಿ ಆ ಒಂದು ಮಾರು ನೆಲದ ಮೇಲೆ ಮಾತ್ರ ಬೆಳಗಾಗಿತ್ತು. ಮಂಜಿನೊಳಗಿಂದ ಯಾರೋ ಟವಲು ಕೊಡವುತ್ತ ಬರುತ್ತಿರುವಂತೆ ಅನಿಸಿ ಅವಳು ಕಣ್ಣು ಮಿಟುಕಿಸಿದಳು. ಬಗ್ಗಿ ಒಂದು ಹಿಡಿ ಮಣ್ಣು ಹಾಕಿದಳು.

ಪಟಾಲಮ್ಮ ಚೊಂಬಿನಿಂದ ಎಲ್ಲರ ಕೈಕಾಲಿಗೆ ನೀರು ಹಾಕಿದಳು. ಕಾವೇರಿ ಸಂಜೀವಪ್ಪನನ್ನು ಕರೆದುಕೊಂಡು ಶೆಡ್ಡಿಗೆ ಹೋದಳು. ಮೂಟೆ ಕ್ಯಾಮೆರಾದ ಕೆಳಗೆ ಕೂತಿತು. ಕೆಂಪು.

"ಒಂಚೂರು ನೀರು ತರ್ಲಾ?" ಸಂಜೀವಪ್ಪ ಮೆಲ್ಲಗೆ ಕೇಳಿದ.

"ಬ್ಯಾಡ್ರಿ."

ಅವಳು ಕಣ್ಣು ಮುಚ್ಚಿ ಮೂಟೆಯೊಳಗೆ ಮೊಣಕೈವರೆಗೆ ಕೈ ಇಳಿಸಿದಳು. ತುಂಬ ಹೊತ್ತು ಹಾಗೇ ಇದ್ದಳು. ಆಮೇಲೆ ಬೆರಳು ಮೂಸಿ, "ಛಲೋ ಐತಿ, ಇಳಿಸ್ಕೊಳ್ರಿ" ಎಂದು ಶೆಡ್ಡಿನವರಿಗೆ ಹೇಳಿದಳು. ಕೆಂಪು ಬಿದ್ದು ಮೂಲೆಯಲ್ಲಿ ಕೂತಿದ್ದ ಉಳಿದ ಎಂಟು ಮೂಟೆಗಳನ್ನೂ ಒಂದೊಂದಾಗಿ ಮೂಸಿದಳು. ಅದರಲ್ಲಿ ಎರಡನ್ನು ಬೇಡವೆಂದಳು.

ಲ್ಯಾಪ್‌ಟಾಪು ತೆರೆದಳು. ಲಕ್ಷ್ಮಿಕಾಂತನಿಗೂ ಶೆಡ್ಡಿನ ಮಾಲೀಕರಿಗೂ ಒಂದೇ ಪತ್ರ. ಲೆನ್ಸ್ ಮೇಲೆ ಧೂಳಿಲ್ಲ; ನಾನು ಕಲಿಸಿದ್ದೇ ತಪ್ಪು. ಒಳ್ಳೆಯ ಕಾಯಿಯನ್ನು ಮಂಜಿನ ಹನಿಯೊಂದಿಗೆ, ಬೇಡದ್ದನ್ನು ಒಣಗಿದ ಮೇಲೆ ತೋರಿಸಿದೆ; ಯಂತ್ರಕ್ಕೆ ಗೊತ್ತಿರುವುದು ನೀರು ಒಂದೇ. ಇಷ್ಟು ದಿನ ಅವರೆ ಆರಿಸಿದ್ದು ಮುನಿಆಂಜನಪ್ಪ. ಹನ್ನೊಂದು ಶೆಡ್ಡುಗಳಿಗೆ ಇದನ್ನು ಕಳಿಸಬೇಡಿ.

ಮೇಲೆ ಕೆಂಪು ದೀಪ ಉರಿಯುತ್ತಲೇ ಇತ್ತು. ಸೊಗಡಿನ ಜಿಡ್ಡಿಗೆ ಬೆರಳುಗಳು ಕೀಲಿಮಣೆಗೆ ಅಂಟುತ್ತಿದ್ದವು. ಒಂದೊಂದು ಅಕ್ಷರದಿಂದಲೂ ಬೆರಳನ್ನು ಬಿಡಿಸಿಕೊಂಡು ಅವಳು ಆ ಹೆಸರನ್ನು ಪೂರ್ತಿ ಬರೆದಳು.