ಬಣ್ಣ ತಾಗದ ಬೆರಳುಗಳು

ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ನೀಲಿ ತೊಟ್ಟಿ ಇಬ್ಬರು ಓರಗಿತ್ತಿಯರ ಪಾಲಿಗೆ ಬಂದಿತ್ತು. ನೂಲಿನ ಲಡಿಗಳನ್ನು ಉದ್ದನೆಯ ಕೋಲಿಗೆ ಸಿಕ್ಕಿಸಿ, ಆ ತುದಿ ಒಬ್ಬಳು, ಈ ತುದಿ ಒಬ್ಬಳು ಹಿಡಿದು ಅದ್ದಿ ಎತ್ತಬೇಕು. ಒಬ್ಬಳು ಬಾರದಿದ್ದರೆ ಇನ್ನೊಬ್ಬಳ ಕೋಲು ಏಳುವುದಿಲ್ಲ. ಕೈಗವಸು ಹಾಕಿದರೆ ನೂಲಿನ ಹದ ತಿಳಿಯದೆಂದು ಇಬ್ಬರದೂ ಬರಿಗೈ ಕೆಲಸ. ಉಗುರುಗಳು ಎಷ್ಟು ತಿಕ್ಕಿದರೂ ನೀಲಿಯೇ. ಕಾಲಿಗೆ ಮಾತ್ರ ಮೊಣಕಾಲುದ್ದದ ರಬ್ಬರ್ ಬೂಟು.

ಸಂಜೆ ಬೂಟು ಕಳಚುವಾಗ ಹಿರಿಯವಳು ದಿನವೂ ಹೇಳುತ್ತಿದ್ದಳು: "ನೋಡೇ, ಕೈ ಕೂಲಿಯವಳದು, ಕಾಲು ಮಹಾರಾಣಿಯದು. ಸತ್ತಾಗ ಕಾಲು ನೋಡಿ ಒಳ್ಳೆ ಮನೆಯವಳು ಅಂದ್ಕೋತಾರೆ."

ಹಿರಿಯವಳಿಗೆ ಅರವತ್ತು ದಾಟಿತ್ತು. ಗಂಡ ಇಲ್ಲ. ದಪ್ಪ ಮೈ, ಹಳೆಯ ಸಕ್ಕರೆ ಕಾಯಿಲೆ, ಬಾಯಿ ಮಾತ್ರ ನಿಲ್ಲದು. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ರೇಡಿಯೋ ಎನ್ನುತ್ತಿದ್ದರು. ಕಿರಿಯವಳ ಗಂಡ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಪತ್ತೆ ಇರುತ್ತಿರಲಿಲ್ಲ. ಮನೆಯಲ್ಲಿ ಅವಳಿಗೆ ಜೊತೆ ಎಂದರೆ ಈ ರೇಡಿಯೋ.

ಕೋವಿಡ್ ಬೀದಿಬೀದಿಗೆ ಬಂದಿದ್ದ ಆ ಕಾಲದಲ್ಲಿ ಒಂದು ಬೆಳಿಗ್ಗೆ ಕಿರಿಯವಳ ಮೈ ಬೆಚ್ಚಗಿತ್ತು. ಮಾತ್ರೆ ನುಂಗಿ ಕೆಲಸಕ್ಕೆ ಹೊರಟಳು. ತಾನು ಮನೆಯಲ್ಲಿ ಉಳಿದರೆ ಅಕ್ಕನ ಕೋಲಿಗೆ ಬೇರೆ ಯಾರನ್ನೋ ಜೋಡಿ ಹಾಕುತ್ತಾರೆ, ಜೋಡಿ ಒಮ್ಮೆ ಮುರಿದರೆ ಮತ್ತೆ ಕೂಡಿಸುವುದಿಲ್ಲ ಎಂಬ ಭಯ. ತೊಟ್ಟಿಯ ಹಬೆಗೆ ಮಾಸ್ಕ್ ಒದ್ದೆಯಾಗಿ ಮೂಗಿಗೆ ಅಂಟಿತು. ಗಲ್ಲಕ್ಕೆ ಇಳಿಸಿಕೊಂಡಳು.

"ಮೂಗು ಯಾಕೆ ಸೊರಸೊರ ಅಂತಿದೆ?" ಹಿರಿಯವಳು ಕೋಲಿನಾಚೆಯಿಂದ ಕೇಳಿದಳು.

"ನೆಗಡಿ ಅಕ್ಕ, ಅಷ್ಟೇ."

ಕಿರಿಯವಳದು ನೆಗಡಿಯಷ್ಟೇ ಆಗಿ ಹೋಯಿತು. ವಾರದೊಳಗೆ ಹಿರಿಯವಳು ಜ್ವರದಿಂದ ಮಲಗಿದಳು. ಪರೀಕ್ಷೆಯಲ್ಲಿ ಕೋವಿಡ್ ಎಂದು ಬಂತು.

ಆರೋಗ್ಯ ಕೇಂದ್ರದ ನರ್ಸು ಫೋನಿನಲ್ಲೇ ವಿಚಾರಿಸಿದಳು. ವಯಸ್ಸು, ತೂಕ, ಸಕ್ಕರೆ ಎಲ್ಲ ಕೇಳಿ ಅವಳ ದನಿ ಇಳಿಯಿತು. "ಇಂಥೋರಿಗೆ ಇದು ಇದ್ದಕ್ಕಿದ್ದಂತೆ ಜಾಸ್ತಿ ಆಗತ್ತಮ್ಮ. ಆಕ್ಸಿಜನ್ ನೋಡೋಕೆ ಬೆರಳಿಗೆ ಹಾಕೋ ಮಿಷನ್ನು ನಮ್ಮಲ್ಲಿ ಖಾಲಿ. ನಿಮ್ಮ ಕಣ್ಣೇ ಮಿಷನ್ನು ಅಂದ್ಕೊಳಿ. ಉಸಿರು ಕಟ್ಟೋದು, ಎದೆ ಒತ್ತೋದು, ತೂಕಡಿಸ್ತಾನೇ ಇರೋದು, ಮಾತು ಎಲ್ಲೆಲ್ಲೋ ಹೋಗೋದು, ಯಾವುದು ಕಂಡ್ರೂ ತಕ್ಷಣ ಹೇಳಿ. ತುಟಿ, ಉಗುರು ನೀಲಿ ಆಗಿದ್ಯಾ?"

"ಉಗುರಾ? ಸಿಸ್ಟರ್, ನಮ್ಮನೇಲಿ ಎಲ್ಲರದ್ದೂ ನೀಲಿನೇ. ನಾವು ಬಣ್ಣದೋರು!"

ಕಿರಿಯವಳು ನಕ್ಕಳು. ನರ್ಸೂ ನಕ್ಕಳು.

ಜ್ವರ ಇಳಿಯಿತು. ಕಿರಿಯವಳು ನಿಟ್ಟುಸಿರು ಬಿಟ್ಟಳು. ಆದರೆ ರೇಡಿಯೋ ನಿಂತುಹೋಗಿತ್ತು. ಹಿರಿಯವಳು ಗೋಡೆ ಕಡೆ ತಿರುಗಿ, ಇವಳಿಗೆ ತಾಗಬಾರದೆಂದು ಸೆರಗಿನಿಂದ ಬಾಯಿ ಮೂಗು ಮುಚ್ಚಿಕೊಂಡು ಮಲಗಿರುತ್ತಿದ್ದಳು. ತಾನು ತೊಟ್ಟಿಯ ಬಳಿ ಮಾಡದ್ದನ್ನು ಅವಳು ಮಾಡುತ್ತಿದ್ದುದು ಕಂಡು ಕಿರಿಯವಳಿಗೆ ಒಳಗೇ ಚುಚ್ಚಿದಂತಾಗುತ್ತಿತ್ತು.

"ಅಕ್ಕ, ಹಾಲು ಕುಡೀತೀರಾ?"

"ಬೇಡ."

"ತಲೆ ಬಾಚ್ಲಾ?"

"ಹೋಗು."

ಸಿಟ್ಟು ಬಂದಿದೆ, ಕಿರಿಯವಳು ಅಂದುಕೊಂಡಳು. ನಾನೇ ತಂದು ಹಚ್ಚಿದೆ ಎಂದು ಗೊತ್ತಾಗಿದೆ. ಬರಲೇಬೇಕಾದ ಸಿಟ್ಟು. ಹೀಗೆಂದುಕೊಂಡು ಹಾಲಿನ ಲೋಟ ಬಾಗಿಲ ಬಳಿಯಿಟ್ಟು, ತಪ್ಪಿತಸ್ಥಳಂತೆ ಹಿಂದೆ ಸರಿಯುತ್ತಿದ್ದಳು. ಹತ್ತಿರ ಹೋಗಿ ಮುಖ ನೋಡುವ ಧೈರ್ಯವಿರಲಿಲ್ಲ.

ಮರುದಿನ ನರ್ಸು ಕೇಳಿದಳು: "ಉಸಿರು ಹೇಗಿದೆ? ಮಾತಾಡ್ತಾರಾ?"

ಒಂದೊಂದೇ ಪದ ಆಡುತ್ತಾಳೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಕಾರ್ಖಾನೆ, ಹಬೆ, ಗಲ್ಲದ ಮೇಲಿನ ಮಾಸ್ಕ್ ಎಲ್ಲ ಹೇಳಬೇಕು.

"ಮಾತಾಡ್ತಾರೆ," ಎಂದಳು. "ಆರಾಮಾಗಿದಾರೆ."

ಅದೇ ಮಧ್ಯಾಹ್ನ ಒಳಗಿನಿಂದ ದನಿ ಕೇಳಿತು. "ಕೋಲು... ಎತ್ತೇ."

ಕಿರಿಯವಳು ಓಡಿದಳು. ಹಿರಿಯವಳ ಕಣ್ಣು ಅರ್ಧ ಮುಚ್ಚಿತ್ತು. "ಯಾವ ಕೋಲಕ್ಕಾ? ಮನೇಲಿದೀವಿ." ಹೊದಿಕೆ ಪಕ್ಕಕ್ಕೆ ಸರಿದು ಕಾಲು ಹೊರಗೆ ಬಿದ್ದಿತ್ತು. ಮುಚ್ಚಲೆಂದು ಬಗ್ಗಿದವಳು ಹಾಗೇ ನಿಂತಳು.

ಕಾಲ್ಬೆರಳುಗಳ ಉಗುರುಗಳು ನೀಲಿಯಾಗಿದ್ದವು.

ಬೂಟಿನೊಳಗಿದ್ದ ಕಾಲು. ತೊಟ್ಟಿಯ ಒಂದು ಹನಿಯೂ ಮುಟ್ಟದ ಮಹಾರಾಣಿಯ ಕಾಲು. ಸೆರಗು ಸರಿಸಿದಳು. ತುಟಿಗಳಿಗೂ ಅದೇ ಬಣ್ಣ. ಎದೆ ಓಡಿ ಬಂದವಳ ಎದೆಯಂತೆ ಏರಿಳಿಯುತ್ತಿತ್ತು, ಸದ್ದೇ ಇರಲಿಲ್ಲ.

ಆಂಬುಲೆನ್ಸಿಗೆ ಫೋನು ಮಾಡಿದಳು. ಆಸ್ಪತ್ರೆಯ ಬಾಗಿಲಲ್ಲಿ ಹಿರಿಯವಳ ಮುಖಕ್ಕೆ ಆಕ್ಸಿಜನ್ ಹಾಕುತ್ತಾ ಡಾಕ್ಟರು ಕೇಳಿದರು: "ಬೆರಳು ಯಾವಾಗಿಂದ ನೀಲಿ?"

ಕಿರಿಯವಳು ಲೆಕ್ಕ ಹಾಕಿದಳು: ನಿನ್ನೆಯಿಂದಲೋ, ಮೊನ್ನೆಯಿಂದಲೋ, ತಾನು ನಗಾಡಿದ ದಿನದಿಂದಲೋ. ಸ್ಟ್ರೆಚರ್ ಒಳಗೆ ಹೋಯಿತು. ಅವಳ ಉತ್ತರಕ್ಕೆ ಯಾರೂ ಕಾಯಲಿಲ್ಲ.

ಬಹಳ ದಿನ ಹಿರಿಯವಳ ಸ್ಥಿತಿ ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ ಎಂಬಂತಿತ್ತು. ಕೊನೆಗೊಮ್ಮೆ ವಾರ್ಡಿನಿಂದ ಫೋನು ಬಂತು.

"ಏನೇ... ಬದುಕಿದೀಯಾ?" ಹಿರಿಯವಳ ದನಿ.

ಕಿರಿಯವಳು ಅತ್ತಳು. "ಅಕ್ಕ, ಅವತ್ತು ನನಗೆ ಜ್ವರ ಇತ್ತು. ನೆಗಡಿ ಅಂತ ಸುಳ್ಳು ಹೇಳಿದೆ. ನಿಮಗೆ ಸಿಟ್ಟು ಅಂತ ಹತ್ತಿರಾನೂ ಬರ್ಲಿಲ್ಲ."

ಹಿರಿಯವಳು ಏದುತ್ತಾ ಹೇಳಿದಳು:

"ಸಿಟ್ಟೇನೋ... ಇತ್ತು ಕಣೇ. ಬೈಯೋಕೆ... ಉಸಿರಿರ್ಲಿಲ್ಲ." ಮತ್ತೆ ತಡೆದು, "ಮನೆಗೆ ಬರ್ತೀನಿ. ಬೈತೀನಿ."

ಮನೆಗೆ ಬಂದಳು. ಬೈಯಲಿಲ್ಲ. ನಾಲ್ಕು ಹೆಜ್ಜೆಗೆ ಕೂರುತ್ತಿದ್ದಳು. ತೊಟ್ಟಿಗೆ ಮರಳಲಾಗಲಿಲ್ಲ. ಕಿರಿಯವಳ ಕೋಲಿಗೆ ಬೇರೆ ಹೆಂಗಸು ಜೋಡಿಯಾದಳು.

ಆಸ್ಪತ್ರೆಯವರು ಬೆರಳಿಗೆ ಹಾಕುವ ಮಿಷನ್ನು ಕೊಟ್ಟು ಕಳಿಸಿದ್ದರು. ಉಗುರಿಗೆ ಬಣ್ಣವಿದ್ದರೆ ಅದು ಸರಿಯಾಗಿ ತೋರಿಸದು ಎಂದಿದ್ದರು. ಹಿರಿಯವಳ ಬಲಗೈ ತೋರುಬೆರಳಿನ ಉಗುರನ್ನು ಕಿರಿಯವಳು ದಿನವೂ ಕಲ್ಲಿನಿಂದ ಮೆಲ್ಲಗೆ ಉಜ್ಜುತ್ತಿದ್ದಳು. ಹಳೆಯ ನೀಲಿ ಸವೆದು ಸವೆದು, ಬುಡದಲ್ಲಿ ಹೊಸ ಉಗುರು ನಸುಗೆಂಪಾಗಿ ಇಣುಕಿತು.

"ಸಾಕು ಬಿಡೇ, ಚರ್ಮ ಕಿತ್ತೀಯ," ಹಿರಿಯವಳು ಗೊಣಗಿದಳು. "ಮುಖ ನೋಡಿ ಮಾತಾಡು. ಬರೀ ಉಗುರು ನೋಡ್ತಾ ಕೂತಿರ್ತೀಯ."

ಕಿರಿಯವಳು ತಲೆಯೆತ್ತಲಿಲ್ಲ. ಆ ಬೆರಳನ್ನು ತನ್ನ ನೀಲಿ ಬೆರಳುಗಳ ನಡುವೆ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, ಮತ್ತೊಮ್ಮೆ ನೋಡಿದಳು.